ಬಸ್ಸಿನ ಕಾಲು ರಿಪೇರಿ ಮಾಡುತ್ತಿದ್ದ ನಮ್ಮವರು

ನಮ್ಮವರು ಬಸ್ಸಿನ ಅಡಿಗೆ ನುಸುಳುವ ಮೊದಲು ಚಪ್ಪಲಿ ಬಿಟ್ಟು, ಅವುಗಳ ಮೂತಿಯನ್ನು ರಸ್ತೆಯ ಕಡೆಗೆ ತಿರುಗಿಸಿ ಇಡುತ್ತಿದ್ದರು. ಮದುವೆಯಾದ ಹೊಸತರಲ್ಲಿ ಇದೇನು ಶಿಸ್ತು ಎಂದು ಕೇಳಿದ್ದೆ.

"ಓಡೋ ಹೊತ್ತಲ್ಲಿ ಚಪ್ಪಲಿ ತಿರುಗಿಸ್ಕೊಂಡು ಕೂರೋಕಾಗುತ್ತಾ?" ಎಂದರು. ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಅವರ ಕಸುಬು ಬಸ್ಸಿನ ಕಾಲು ರಿಪೇರಿ. ಬಸ್ಸಿಗೆಂಥ ಕಾಲು ಎಂದು ಯಾರಾದರೂ ಕೇಳಿಯಾರು. ಊರ ಹೊರಗೆ ಒಂದು ದೊಡ್ಡ ಬಯಲಿತ್ತು. ಅಲ್ಲಿಗೆ ಮನೆಬಸ್ಸುಗಳು ಬಂದು ತಂಗುತ್ತಿದ್ದವು. ಒಳಗೆ ಮಂಚ, ಒಲೆ, ಬಚ್ಚಲು, ಬಟ್ಟೆಯ ಬೀರು ಎಲ್ಲ ಇರುವ ಬಸ್ಸುಗಳು. ಊರೂರು ತಿರುಗಿ ದುಡಿಯುವವರು, ಸೇತುವೆ ಕಟ್ಟಿಸಲು ಬಂದವರು, ನೌಕರಿ ಮುಗಿಸಿ ದೇಶ ನೋಡಲು ಹೊರಟ ಗಂಡಹೆಂಡಿರು ಅದರಲ್ಲೇ ಬದುಕುತ್ತಿದ್ದರು. ಬಯಲಿನ ನೆಲ ಎಲ್ಲಾದರೂ ಸಮ ಇರುತ್ತದೆಯೇ? ಹಾಗೇ ನಿಲ್ಲಿಸಿದರೆ ಒಲೆಯ ಮೇಲಿನ ಪಾತ್ರೆ ಜಾರುತ್ತದೆ, ಮಲಗಿದವರ ಕಾಲು ಮೇಲಾಗಿ ತಲೆ ಕೆಳಗಾಗುತ್ತದೆ. ಅದಕ್ಕೇ ಬಸ್ಸಿನ ನಾಲ್ಕು ಮೂಲೆಗೆ ನಾಲ್ಕು ಜಾಕು. ಡ್ರೈವರ್ ಸೀಟಿನ ಪಕ್ಕದ ಗುಂಡಿ ಒತ್ತಿದರೆ ಎಣ್ಣೆಯ ಒತ್ತಡಕ್ಕೆ ಜಾಕಿನೊಳಗಿಂದ ತೋಳಿನಷ್ಟು ದಪ್ಪದ, ಫಳಫಳ ಹೊಳೆಯುವ ಸರಳು ಇಳಿದು ನೆಲಕ್ಕೆ ಪಾದ ಊರುತ್ತದೆ. ತಗ್ಗಿದ ಮೂಲೆ ಮೇಲೇಳುತ್ತದೆ, ಬಸ್ಸು ನಮ್ಮ ನಿಮ್ಮ ಮನೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಅದು ಕೆಟ್ಟಾಗ ನಮ್ಮವರಿಗೆ ಕರೆ ಬರುತ್ತಿತ್ತು. ಕಾಲು ಇಳಿಯುತ್ತಿಲ್ಲ ಎನ್ನುವರು, ಇಳಿದ ಕಾಲು ಏರುತ್ತಿಲ್ಲ ಎನ್ನುವರು. ಇವೆಲ್ಲ ಸಣ್ಣ ಕಾಯಿಲೆಗಳು. ನಿಂತಲ್ಲೇ ಸದ್ದಿಲ್ಲದೆ ಕುಗ್ಗುವ ಕಾಲು ಎಂದರೆ ಮಾತ್ರ ನಮ್ಮವರ ಮುಖದ ಬಣ್ಣ ಇಳಿಯುತ್ತಿತ್ತು.

ಅಂಥದ್ದೊಂದು ಕಾಲೇ ನಮ್ಮ ಭಾವನವರನ್ನು ತೆಗೆದುಕೊಂಡದ್ದು. ನಮ್ಮವರ ಅಣ್ಣ, ಅವರಿಗೆ ಕಸುಬು ಕಲಿಸಿದವರು. ನಾನು ಆ ಮನೆಗೆ ಬರುವ ಹಿಂದಿನ ವರ್ಷದ ಮಾತು. ಭಾವ ಕೆಳಗೆ ಮಲಗಿ ಪೈಪು ಬಿಚ್ಚುತ್ತಿದ್ದರು, ನಮ್ಮ ವಾರಗಿತ್ತಿ, ಎಂದರೆ ನಮ್ಮವರ ಅತ್ತಿಗೆ, ಅದೇ ಬಸ್ಸಿನೊಳಗೆ ಅವರಿಗೆಂದು ಚಹಾ ಕಾಯಿಸುತ್ತಿದ್ದಳು. ಬಸ್ಸು ಮೆತ್ತಗೆ ಕೆಳಗಿಳಿಯಿತು.

"ರಿಪೇರಿ ಆಯ್ತು, ಸಮ ಮಾಡ್ತಿದಾರೆ ಅಂದ್ಕೊಂಡೆ ಕಣೇ," ಎಂದು ಅವಳು ನನಗೆ ಒಮ್ಮೆ ಮಾತ್ರ ಹೇಳಿದಳು. "ಚಾ ಸೋಸಿ ಲೋಟಕ್ಕೆ ಹಾಕಿ, ಬನ್ನಿ, ಆರೋಗುತ್ತೆ ಅಂತ ಕರೆದೆ. ಎರಡು ಸಲ ಕರೆದೆ."

ಆಮೇಲೆ ಅವಳು ಮೈದುನನನ್ನು ಕೂರಿಸಿಕೊಂಡು ಒಂದು ಕಟ್ಟಳೆ ಮಾಡಿದಳು. "ಈ ಮನೆ ಗಂಡಸು ಸದ್ದಿಲ್ದೆ ಬಸ್ಸಿನ ಕೆಳಗೆ ಹೋಗಕೂಡ್ದು. ಮೇಲೆ ಮನೆಯವರು ಒಬ್ರು ಇರ್ಬೇಕು. ಕೆಳಗಿಂದ ಬಡೀತಿರು, ಮೇಲಿಂದ ಉತ್ತರ ಬರ್ತಿರ್ಬೇಕು. ಉತ್ತರ ಬರ್ಲಿಲ್ವಾ, ಎದ್ದು ಬಾ. ನೀನು ಬಡೀಲಿಲ್ವಾ, ನಾವು ಬರ್ತೀವಿ."

ನಾನು ಮದುವೆಯಾಗಿ ಬಂದ ಮೇಲೆ ಮೇಲಿರುವ ಕೆಲಸ ನನಗೆ ಬಂತು. ಬಸ್ಸಿನೊಳಗಿನ ಮೇಜಿನ ಮೇಲೆ ಅಗಲದ ಸ್ಟೀಲ್ ತಟ್ಟೆ ಇಟ್ಟು, ಅಂಚಿನವರೆಗೆ ನೀರು ತುಂಬಿ, ಅದರ ಮೇಲೆ ಕಣ್ಣು ನೆಟ್ಟು ಕೂರಬೇಕು. ಬಸ್ಸು ಕೂದಲೆಳೆಯಷ್ಟು ವಾಲಿದರೂ ನೀರು ಒಂದು ಅಂಚಿಗೆ ನುಗ್ಗಿ ತುಳುಕುತ್ತದೆ. ನಮ್ಮವರು ಕೆಳಗಿನಿಂದ ಸ್ಪ್ಯಾನರಿನಲ್ಲಿ ಟಕ್ ಎನ್ನಿಸಿದರೆ ನಾನು ಕಾಲಿನಿಂದ ಧಪ್ ಎನ್ನಿಸಬೇಕು. ಒಂದು ಧಪ್ ಅಂದರೆ ನೀರು ನಿಂತಿದೆ. ಎರಡು ಅಂದರೆ ನೀರು ಸರಿದಿದೆ, ಬಿಟ್ಟು ಬನ್ನಿ.

ಬೇರೆಯವರ ಮೂಗಿನ ಮೇಲೆ ಕೊಂಚ ಬೆವರು ಬರುವ ಕೆಲಸಕ್ಕೆ ನಮ್ಮವರು ಅಂಗಿ ಒದ್ದೆ ಮಾಡಿಕೊಳ್ಳುತ್ತಿದ್ದರು. ಜಾಕಿನ ಪಕ್ಕದಲ್ಲಿ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ, ಜಾಕು ಕುಗ್ಗಿದರೂ ಬಸ್ಸು ದಿಮ್ಮಿಯ ಮೇಲೆ ಕೂರುವಂತೆ ಮಾಡದೆ ತಲೆ ಒಳಗಿಡುತ್ತಿರಲಿಲ್ಲ. ಕೆಳಗೆ ಹೋದ ಮೇಲೂ ನಿಮಿಷಕ್ಕೊಮ್ಮೆ ಟಕ್. ಬಯಲಿನವರೆಲ್ಲ ಅವರನ್ನು ಪುಕ್ಕಲಣ್ಣ ಎನ್ನುತ್ತಿದ್ದರು, ಎದುರಿಗೇ.

"ಏನಕ್ಕಾ, ಪುಕ್ಕಲಣ್ಣ ಇವತ್ತು ಬಹಳ ಮಾತಾಡಿಸ್ತಿದಾನೆ? ಮನೇಲೂ ಹಿಂಗೇನಾ?" ಎಂದು ಪಕ್ಕದ ಶೆಡ್ಡಿನ ವೆಲ್ಡಿಂಗಿನವನು ಕಿಚಾಯಿಸುತ್ತಿದ್ದ.

"ಮನೇಲಿ ಬಾಯಿ ಬಿಟ್ರೆ ನಿನಗೇ ಮೊದಲು ಹೇಳಿ ಕಳಿಸ್ತೀನಿ ಬಿಡಪ್ಪಾ," ಎನ್ನುತ್ತಿದ್ದೆ.

ನಗು, ಮಾತು ಎಲ್ಲ ಆ ತಟ್ಟೆಯ ಮುಂದೆ ಕೂರುವವರೆಗೆ ಮಾತ್ರ. ಒಂದು ಟಕ್ಕಿನಿಂದ ಇನ್ನೊಂದು ಟಕ್ಕಿನವರೆಗೆ ಉಸಿರು ಬಿಗಿಹಿಡಿದಿರುತ್ತಿದ್ದೆ. ಭಾವನವರ ಚಹಾದ ಲೋಟ ನಾನು ಕಣ್ಣಿಂದ ಕಂಡದ್ದಲ್ಲ, ಆದರೂ ಅದು ತಟ್ಟೆಯ ಪಕ್ಕದಲ್ಲೇ ಹಬೆಯಾಡುತ್ತಾ ಇದ್ದಂತಿರುತ್ತಿತ್ತು.

ಈಗ ಹೇಳಹೊರಟದ್ದು ಕನ್ನಡಕದಣ್ಣನ ಬಸ್ಸಿನ ದಿನದ್ದು. ಕನ್ನಡಕದಣ್ಣ ಎಂದರೆ ಊರೂರಿಗೆ ಹೋಗಿ ಕಣ್ಣು ಪರೀಕ್ಷೆ ಮಾಡಿ, ಬಸ್ಸಿನಲ್ಲೇ ಗಾಜು ತಿಕ್ಕಿ ಕನ್ನಡಕ ಮಾಡಿಕೊಡುವವನು. ಮದುವೆಯಿಲ್ಲ. ಸೊಂಟದ ಕೆಳಗೆ ಸ್ವಾಧೀನವಿಲ್ಲದ ತಾಯಿಯನ್ನು ಬಸ್ಸಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ. ತಾಯಿಗೆ ಮೈ ಬಿದ್ದಿತ್ತೇ ಹೊರತು ಬಾಯಿ ಬಿದ್ದಿರಲಿಲ್ಲ. ಆ ದಪ್ಪ ಅಜ್ಜಿಯ ದನಿ ಬಯಲಿನ ಈ ತುದಿಯಿಂದ ಆ ತುದಿಗೆ ಕೇಳುತ್ತಿತ್ತು. ಹಿಂಬದಿಯ ಬಲಮೂಲೆಯಲ್ಲಿ ಅವಳ ಮಂಚ.

ಆ ಸಲ ಅವನು ತಾಯಿಗೆ ಬಿಸಿಲು ಬೀಳದಿರಲೆಂದು ಹಳೆಯ ಕಾಂಪೌಂಡ್ ಗೋಡೆಯ ಬದಿಗೆ, ಮರದ ನೆರಳಿಗೆ ಬಸ್ಸು ನಿಲ್ಲಿಸಿದ್ದ. ಬೆಳಿಗ್ಗೆ ಸಮ ಮಾಡಿದರೆ ಮಧ್ಯಾಹ್ನದ ಹೊತ್ತಿಗೆ ಮುಂದಿನ ಎಡಮೂಲೆ ತಗ್ಗಿರುತ್ತಿತ್ತು. ಅಜ್ಜಿ ಮಂಚದಲ್ಲಿ ಜಾರಿ, ಉಂಡದ್ದು ಗಂಟಲಿಗೆ ಬಂದು ಉಸಿರುಗಟ್ಟಿ ಒದ್ದಾಡಿದ್ದಳಂತೆ. ಬೇರೆ ಮೆಕ್ಯಾನಿಕ್ ಒಬ್ಬ ಬಂದು ಎಣ್ಣೆ ಬದಲಾಯಿಸಿದ, ಇನ್ನೊಬ್ಬ ಬಂದು ಜಾಕಿನ ಎಣ್ಣೆ ಸೋರದಂತೆ ತಡೆಯುವ ಸೀಲು ಬದಲಾಯಿಸಿದ. ಮರುದಿನ ಮತ್ತೆ ಅದೇ ಮೂಲೆ ಕೆಳಗೆ.

"ಅಣ್ಣಾ, ನೀವೇ ನೋಡ್ಬೇಕು," ಎಂದು ನಮ್ಮವರ ಹತ್ತಿರ ಬಂದ. "ಅವ್ವ ಹೀಗೇ ಜಾರ್ತಾ ಇದ್ರೆ ಒಂದಿನ ನಾನು ಕಣ್ಣು ಪರೀಕ್ಷೆ ಮಾಡ್ತಿರುವಾಗ್ಲೇ..."

ಕುಗ್ಗುವ ಕಾಲು ಎಂದು ಕೇಳಿದಾಗಲೇ ನಮ್ಮವರು ಒಮ್ಮೆ ನನ್ನ ಕಡೆ, ಒಮ್ಮೆ ಅತ್ತಿಗೆಯ ಕಡೆ ನೋಡಿದರು. ಅತ್ತಿಗೆ ತಟ್ಟೆಯನ್ನು ತೊಳೆದು ತಂದು ನನ್ನ ಕೈಗೆ ಕೊಟ್ಟಳು.

ನಾನು ಒಳಗೆ ಹೋಗಿ ಕೂತೆ. "ಬಾಮ್ಮ, ತಟ್ಟೆ ತಂದಿದೀಯ, ಊಟ ಎಲ್ಲಿ?" ಎಂದಳು ಅಜ್ಜಿ.

"ಬರೀ ನೀರಜ್ಜೀ."

"ನನ್ನ ಮಗನ ಅಡಿಗೇನೂ ಅದೇ, ತಗೋ."

ಕನ್ನಡಕದಣ್ಣ ಗುಂಡಿ ಒತ್ತಿ ಬಸ್ಸನ್ನು ಸಮಮಾಡಿ ಹೊರಗೆ ಹೋದ. ನಮ್ಮವರು ಎಣ್ಣೆಯ ಡಬ್ಬಿ ನೋಡಿದರು, ಮಟ್ಟ ಸರಿಯಿತ್ತು. ಪೈಪಿನ ಉದ್ದಕ್ಕೂ ಒಣ ಬಟ್ಟೆ ಸವರಿದರು, ಒಂದು ಹನಿ ಒದ್ದೆಯಿರಲಿಲ್ಲ. ದಿಮ್ಮಿ ಪೇರಿಸಿದರು. ಆಮೇಲೆ ಕಿಟಕಿಯ ಬಳಿ ಬಂದು, "ನಿನ್ನ ಹೊಲಿಗೆ ಚೀಲದಲ್ಲಿ ಕೆಂಪು ದಾರ ಇದ್ರೆ ಕೊಡೇ," ಎಂದರು. ಜಾಕಿನ ಸರಳಿಗೆ, ಅದು ಹೊರಬರುವ ಬಾಯಿಂದ ಒಂದು ಬೆರಳು ಕೆಳಗೆ, ಆ ದಾರವನ್ನು ಬಿಗಿಯಾಗಿ ಸುತ್ತಿದರು. ಸರಳು ಕುಗ್ಗಿ ಒಳಗೆ ಹೋದರೆ ಆ ಬೆರಳಿನಷ್ಟು ಸಂದು ಮುಚ್ಚಿಹೋಗಬೇಕು, ಅದು ಅವರ ಲೆಕ್ಕ. ಕೊನೆಗೆ ಆ ಕಾಲಿಗೆ ಎಣ್ಣೆ ಹೋಗಿಬರುವ ವಾಲ್ವನ್ನು ಕೈಯಿಂದಲೇ ತಿರುವಿ ಬಂದ್ ಮಾಡಿದರು. ಇಷ್ಟಾದ ಮೇಲೂ ಕುಗ್ಗಿದರೆ ರೋಗ ಜಾಕಿನೊಳಗೇ ಇದೆ, ಕುಗ್ಗದಿದ್ದರೆ ಮೇಲೆಲ್ಲೋ ಇದೆ. ಹಾಗೆ ಅಂಗಾತ ಮಲಗಿ ದಾರ ನೋಡುತ್ತಾ ಇದ್ದುಬಿಟ್ಟರು.

ಟಕ್. ಧಪ್.

ಅಜ್ಜಿ ತನ್ನ ಸೊಸೆಯಾಗಬೇಕಿದ್ದ ಹುಡುಗಿಯ ಕಥೆ ಶುರು ಮಾಡಿದಳು. ಟಕ್, ಧಪ್. ಹುಡುಗಿ ಮಗನನ್ನು ನೋಡಿ ಒಪ್ಪಿದಳಂತೆ, ಬಸ್ಸನ್ನು ನೋಡಿ ಬಿಟ್ಟಳಂತೆ. ಟಕ್, ಧಪ್. ನಾನು ಹೂಂಗುಟ್ಟುತ್ತಿದ್ದೆ, ಕಣ್ಣು ಮಾತ್ರ ನೀರಿನ ಮೇಲಿತ್ತು.

ನೀರು ಮುಂದಿನ ಎಡ ಅಂಚಿಗೆ ಬಂತು. ಮೊದಲು ಉಬ್ಬಿತು, ಆಮೇಲೆ ಒಂದು ಹನಿ ಹೊರಬಿತ್ತು.

ನಾನು ಎರಡು ಸಲ ಬಡಿದೆ. ಕೆಳಗಿನಿಂದ ಟಕ್ ಎಂದಿತು. ಮತ್ತೆ ಎರಡು ಬಡಿದೆ. ಅವರು ಹೊರಬರಲಿಲ್ಲ. ಬದಲಿಗೆ ಟಕ್ ಟಕ್ ಟಕ್ ಎಂದು ಸಿಟ್ಟಿನಲ್ಲಿ ಬಡಿದರು. ಕಿಟಕಿಗೆ ಬಾಯಿಟ್ಟು, "ರೀ, ನೀರು ಸರಿದಿದೆ, ಬನ್ರೀ ಈಚೆಗೆ!" ಎಂದು ಕಿರುಚಿದೆ.

"ಸರಿಯಾಗಿ ನೋಡೇ!" ಎಂದರು ಕೆಳಗಿನಿಂದ. "ದಾರ ಇದ್ದಲ್ಲೇ ಇದೆ. ಒಂದೆಳೆ ಕದಲಿಲ್ಲ."

"ತಟ್ಟೆಯಿಂದ ಚೆಲ್ತಿದೆ ರೀ!"

ಅವರು ಆಗ ಏನು ನೋಡಿದರು ಎಂಬುದನ್ನು ಆಮೇಲೆ ನೂರಾರು ಸಲ ಹೇಳಿದ್ದಾರೆ. ದಾರ ಕದಲಿರಲಿಲ್ಲ. ಜಾಕು ಕುಗ್ಗಿರಲಿಲ್ಲ. ದಿಮ್ಮಿಯ ತಲೆಗೂ ಬಸ್ಸಿನ ಅಡಿಗೂ ನಡುವೆ ಬಿಟ್ಟಿದ್ದ ಸಂದು ಕೂಡ ಬಿಟ್ಟಷ್ಟೇ ಇತ್ತು. ಅವರ ಕಣ್ಣಿಗೆ ಯಾವುದೂ ಅಲ್ಲಾಡಿರಲಿಲ್ಲ, ಆದರೂ ಬಸ್ಸು ಇಳಿಯುತ್ತಿತ್ತು. ಅಂದರೆ ಜಾಕು, ದಿಮ್ಮಿ, ತಾವು, ಎಲ್ಲ ಒಟ್ಟಿಗೇ ಇಳಿಯುತ್ತಿರಬೇಕು.

ಆಗ ಬಂದ ಸದ್ದು ಟಕ್ ಅಲ್ಲ. ಅವರು ಸ್ಪ್ಯಾನರನ್ನು ಬಸ್ಸಿಗೆ ಬಡಿಯದೆ ತಮ್ಮ ಬೆನ್ನಿನ ಕೆಳಗಿನ ನೆಲಕ್ಕೆ ಬಡಿದಿದ್ದರು. ಖಾಲಿ ಹಂಡೆಗೆ ಬಡಿದ ಹಾಗೆ ಡೊಂಯ್ ಎಂದಿತು. ಆ ಸದ್ದಿಗೆ ಅಜ್ಜಿ ಕಥೆ ನಿಲ್ಲಿಸಿದಳು.

ಮೂರು ಜನ ಕೈ ಇಟ್ಟಿದ್ದರು ಆ ಬಸ್ಸಿಗೆ. ಕಾಲಿಗೆ ಕಾಯಿಲೆ ಎಂದು ಎಲ್ಲರೂ ಕಾಲನ್ನೇ ನೋಡಿದ್ದರು. ಬೇರೆ ಊರಿನಲ್ಲೂ ಹೀಗೆ ತಗ್ಗುತ್ತಿತ್ತೇ ಎಂದು ಯಾರೂ ಕೇಳಿರಲಿಲ್ಲ, ನಮ್ಮವರೂ ಕೇಳಿರಲಿಲ್ಲ. ಆ ಗೋಡೆಯ ಬದಿ ಯಾವ ಕಾಲದಲ್ಲೋ ಒಂದು ಕಟ್ಟಡವಿತ್ತಂತೆ. ಅದರ ಕೊಳಚೆ ನೀರಿನ ತೊಟ್ಟಿಯ ಮೇಲೆ ತೆಳುವಾದ ಚಪ್ಪಡಿ, ಚಪ್ಪಡಿಯ ಮೇಲೆ ಮಣ್ಣು, ಮಣ್ಣಿನ ಮೇಲೆ ಹುಲ್ಲು. ಕನ್ನಡಕದಣ್ಣನ ಬಸ್ಸಿನ ಮುಂದಿನ ಎಡಗಾಲು ಸರಿಯಾಗಿ ಅದರ ಮೇಲೆ ಊರಿತ್ತು.

ನಮ್ಮವರು ತೆವಳಿ ಹೊರಗೆ ಬಂದದ್ದನ್ನು ಕಿಟಕಿಯಿಂದ ಕಂಡೆ. ಬಂದರಲ್ಲ ಎಂದು ನನ್ನ ಜೀವ ಮರಳಿ ಬಂತು. ಅದು ಬಂದಷ್ಟೇ ಬೇಗ ಹೋಯಿತು, ಏಕೆಂದರೆ ಅವರು ನನ್ನ ಮುಖ ನೋಡಿ, "ಅಲ್ಲಾಡಬೇಡ. ಹೋಗಿ ಅಜ್ಜಿ ಮಂಚದ ಮೇಲೆ ಕೂತ್ಕೋ. ಮೆತ್ತಗೆ ಹೋಗು," ಎಂದರು.

"ಅವ್ವನ್ನ ಎತ್ಕೊಂಡು ಬರ್ತೀನಿ," ಎಂದು ಕನ್ನಡಕದಣ್ಣ ಬಾಗಿಲಿಗೆ ಓಡಿದ.

ನಮ್ಮವರು ಅವನ ಅಂಗಿ ಹಿಡಿದೆಳೆದರು. "ಬಾಗಿಲು ಎಡಗಡೆ ಇದೆ ಕಣಪ್ಪಾ! ಆ ಮೂಲೇಲಿ ಇಷ್ಟು ಭಾರ ಬಿದ್ರೆ ಬಸ್ಸು ಅಲ್ಲೇ ಮಗುಚುತ್ತೆ. ಡ್ರೈವರ್ ಬಾಗಿಲಿಂದ ಹತ್ತು. ಗಾಲಿಗಳು ಗಟ್ಟಿ ನೆಲದ ಮೇಲಿವೆ. ನಾಲ್ಕೂ ಕಾಲು ಎತ್ಕೊಂಡು ಭಾರ ಗಾಲಿ ಮೇಲೆ ಹಾಕಿ, ಹಿಂದಕ್ಕೆ ತಗೋ."

ಅವನು ಬಲಗಡೆಯಿಂದ ಹತ್ತಿ ಗುಂಡಿಗೆ ಕೈ ಇಟ್ಟ. "ಒತ್ಲಾ?"

"ತಡಿ!" ನಮ್ಮವರ ಆ ಕೂಗು ಈಗಲೂ ಕಿವಿಯಲ್ಲಿದೆ. "ಒತ್ಬೇಡ. ವಾಲ್ವ್ ಬಂದ್ ಮಾಡಿದೀನಿ. ಮೂರು ಕಾಲು ಎದ್ದು ಅದೊಂದು ಊರಿಕೊಂಡಿದ್ರೆ ಎಲ್ಲಾ ಭಾರ ಚಪ್ಪಡಿ ಮೇಲೇ ಬೀಳುತ್ತೆ."

ಆ ವಾಲ್ವ್ ಇದ್ದದ್ದು ಜಾಕಿನ ಪಕ್ಕದಲ್ಲಿ, ಅವರು ಈಗಷ್ಟೇ ಎದ್ದು ಬಂದ ಜಾಗದಲ್ಲಿ.

ಆ ಹೊತ್ತಿಗೆ ವೆಲ್ಡಿಂಗಿನವನೂ ಇನ್ನಿಬ್ಬರೂ ಓಡಿ ಬಂದಿದ್ದರು. ಅತ್ತಿಗೆಯೂ ಬಂದಿದ್ದಳು, ಹತ್ತಿರ ಬರದೆ ಮರದ ಬುಡದಲ್ಲಿ ನಿಂತಿದ್ದಳು. ನೆಲದೊಳಗೆ ಎಲ್ಲೋ ಕಲ್ಲಿನ ಚೂರು ನೀರಿಗೆ ಬಿದ್ದ ಸದ್ದು ಬುಳುಕ್ ಎಂದು ಕೇಳಿತು.

"ಅಣ್ಣಾ, ಕ್ರೇನ್ ತರಿಸೋಣ," ಎಂದ ವೆಲ್ಡಿಂಗಿನವನು ಮೆಲ್ಲಗೆ. ಆಗ ಅವನು ಪುಕ್ಕಲಣ್ಣ ಎನ್ನಲಿಲ್ಲ.

ಇನ್ನೊಂದು ಬುಳುಕ್. ನಮ್ಮವರು, "ನಿನ್ನ ಏಣಿ ತಾ," ಎಂದರು.

ಏಣಿಯನ್ನು ಗಟ್ಟಿ ನೆಲದಿಂದ ಬಸ್ಸಿನ ಅಡಿಗೆ ಉದ್ದಕ್ಕೆ ಮಲಗಿಸಿದರು, ತಮ್ಮ ಭಾರ ಒಂದೇ ಕಡೆ ಬೀಳದಿರಲೆಂದು. ಅದರ ಹಿಂದಿನ ತುದಿಯ ಮೇಲೆ ವೆಲ್ಡಿಂಗಿನವನನ್ನೂ ಇನ್ನಿಬ್ಬರನ್ನೂ ಕೂರಿಸಿದರು. ಸ್ಪ್ಯಾನರು ನಮ್ಮವರ ಕೈಯಿಂದ ಎರಡು ಸಲ ಜಾರಿ ಬಿತ್ತು. ಅತ್ತಿಗೆಯ ಕಡೆ ತಿರುಗಿ ನೋಡಲಿಲ್ಲ. ನನ್ನ ಕಡೆ ನೋಡಿದರು.

"ಬಡೀತೀನಿ. ನೀನು ಕಾಲು ಬಡೀಬೇಡ, ಬಸ್ಸು ಅದುರುತ್ತೆ," ಎಂದು ಹೊಟ್ಟೆ ಅಡಿ ಮಾಡಿ ಮಲಗಿ ಒಳಗೆ ಜರುಗಿದರು.

ನಾನು ಅಜ್ಜಿಯ ಮಂಚದ ಮೇಲೆ, ಅವಳ ಸ್ವಾಧೀನವಿಲ್ಲದ ಕಾಲುಗಳ ಪಕ್ಕ ಕೂತಿದ್ದೆ. ಅಲ್ಲಿಂದ ಮೇಜಿನ ಮೇಲಿನ ತಟ್ಟೆ ಕಾಣುತ್ತಿತ್ತು. ನೀರು ಅಂಚಿನಿಂದ ಸಣ್ಣಗೆ ಸುರಿಯುತ್ತಲೇ ಇತ್ತು. "ನೀನು ಡ್ರೈವರ್ ಬಾಗಿಲಿಂದ ಇಳಿದು ಹೋಗಮ್ಮ," ಎಂದಳು ಅಜ್ಜಿ. "ನನ್ನ ಅರ್ಧ ದೇಹ ಆಗ್ಲೇ ಹೋಗಿದೆ. ನೀನು ಪೂರ್ತಿ ಇದೀಯ."

"ನಾನಿಲ್ಲಿ ಭಾರಕ್ಕೆ ಕೂತಿರೋದಜ್ಜೀ. ಅವರು ಹೇಳಿದಾರೆ."

ಟಕ್.

ಅಷ್ಟು ವರ್ಷಗಳಲ್ಲಿ ಅವರ ಒಂದು ಟಕ್ಕಿಗೂ ನಾನು ಉತ್ತರ ಕೊಡದೆ ಇದ್ದದ್ದಿಲ್ಲ. ಕಾಲು ತಾನಾಗಿ ಎದ್ದಿತು. ಎರಡೂ ಕೈಯಿಂದ ಮೊಣಕಾಲು ಹಿಡಿದು ಒತ್ತಿಕೊಂಡೆ. ಬಾಯಿ ತೆರೆದರೆ ದನಿ ಬರಲಿಲ್ಲ.

ಟಕ್. ಈ ಸಲ ಮೆಲ್ಲಗೆ, ಕೇಳುವವರ ಹಾಗೆ.

ಅಜ್ಜಿ ನನ್ನ ಮುಖ ನೋಡಿದಳು. ಆಮೇಲೆ ಇದ್ದ ಉಸಿರನ್ನೆಲ್ಲ ಎಳೆದುಕೊಂಡು ಕೂಗಿದಳು. "ಇದೀವಪ್ಪಾ! ಇಬ್ರೂ ಇದೀವಿ! ನೀನು ನಿನ್ನ ಕೆಲಸ ನೋಡು!"

ಕೆಳಗಿನಿಂದ ವಾಲ್ವ್ ತಿರುವುವ ಕಿರ್ ಕಿರ್ ಕೇಳಿತು. ಬಿಗಿಯಾಗಿತ್ತೆಂದು ಕಾಣುತ್ತದೆ, ನಿಂತಿತು, ಮತ್ತೆ ಕಿರ್ ಎಂದಿತು. ಆಮೇಲೆ ಬಸ್ಸು ಇಳಿದಾಗ ಅದರ ಮೇಲೆ ಕೂರದಿರಲೆಂದು ಮೇಲಿನ ದಿಮ್ಮಿಗಳನ್ನು ಸರಿಸಿದ ಸದ್ದು, ಏಣಿ ನೆಲಕ್ಕೆ ಉಜ್ಜುವ ಸದ್ದು. "ಎಳೀರೋ, ಎಳೀರೋ," ಎಂದು ವೆಲ್ಡಿಂಗಿನವನು ಅರಚಿದ. "ಬಂದ್ರು! ಒತ್ತು!"

ಕನ್ನಡಕದಣ್ಣ ಒತ್ತಿದ. ಬಸ್ಸು ನಿಟ್ಟುಸಿರು ಬಿಟ್ಟ ಹಾಗೆ ಸುಸ್ಸೆಂದು, ಎಡಗಡೆಗೆ ವಾಲಿತು. ಎಷ್ಟು ವಾಲಿತೆಂದರೆ ತಟ್ಟೆ ಮೇಜಿನಿಂದ ಜಾರಿ, ಠಣ್ ಎಂದು ಬಿದ್ದು, ಉರುಳಿಕೊಂಡು ಹೋಗಿ ಬಾಗಿಲಿಗೆ ಬಡಿಯಿತು. ಕನ್ನಡಕದ ಡಬ್ಬಿಗಳು ಸಾಲಾಗಿ ಸುರಿದವು. ನಾನು ಅಜ್ಜಿಯನ್ನು ತಬ್ಬಿ ಹಿಡಿದೆ, ಇಬ್ಬರೂ ಜಾರುತ್ತಿದ್ದೆವು. ಇನ್ನು ಮುಗಿಯಿತು ಎಂದು ಕಣ್ಣು ಮುಚ್ಚಿದೆ. ಗಾಲಿಗಳಿಗೆ ಭಾರ ಸಿಕ್ಕಿತು. ಇಂಜಿನ್ ಗುರ್ ಎಂದಿತು. ಬಸ್ಸು ಹಿಂದಕ್ಕೆ ಹೋಗುತ್ತಾ, ಕುಲುಕುತ್ತಾ, ಬಯಲಿನ ನಡುವೆ ಬಂದು ನಿಂತಿತು.

ಚಪ್ಪಡಿ ಬಿದ್ದದ್ದು ಆಮೇಲೆ, ನಾನು ಇಳಿದು ನೆಲದ ಮೇಲೆ ಕಾಲಿಡುವಾಗ. ದೊಡ್ಡ ಸದ್ದೇನೂ ಆಗಲಿಲ್ಲ. ಹುಲ್ಲು, ಮಣ್ಣು, ಪೇರಿಸಿದ ದಿಮ್ಮಿಗಳು ಒಂದು ಗಳಿಗೆ ಇದ್ದವು, ಮರುಗಳಿಗೆಗೆ ಇರಲಿಲ್ಲ. ಕೊಳೆತ ವಾಸನೆ ಮೇಲೆ ಬಂತು. ಗುಂಡಿಯ ಅಂಚಿನಲ್ಲಿ ನಮ್ಮವರ ಚಪ್ಪಲಿಗಳು ಮಾತ್ರ ಇಟ್ಟ ಹಾಗೇ ಇದ್ದವು, ಮೂತಿ ರಸ್ತೆಯ ಕಡೆಗೆ.

ಅವರು ಬರಿಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದರು. ಅತ್ತಿಗೆ ಹೋಗಿ ಅವರ ಪಕ್ಕ ಕೂತಳು. "ಚಾ ಮಾಡ್ಲಾ?" ಎಂದು ವೆಲ್ಡಿಂಗಿನವನು ಪಾಪ, ಕೇಳಬಾರದ್ದನ್ನು ಕೇಳಿದ.

"ಬೇಡ," ಎಂದಳು ಅತ್ತಿಗೆ. "ನೀರು ಕೊಡು."

ಆ ದಿನದ ನಂತರ ಅವರು ಇನ್ನೂ ಬಹಳ ಕಾಲ ಅದೇ ಕೆಲಸ ಮಾಡಿದರು. ಬೇರೆ ಕೆಲಸ ಗೊತ್ತಿರಲಿಲ್ಲ. ಭಯ ಕಡಿಮೆಯಾಯಿತು ಎಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು, ಹೆಚ್ಚಾಯಿತು. ಮೊದಲು ಬಸ್ಸಿನ ಭಯವೊಂದೇ ಇತ್ತು, ಆಮೇಲೆ ನೆಲದ್ದೂ ಸೇರಿತು. ಉದ್ದದ ಕಬ್ಬಿಣದ ಸಲಾಕೆ ಹಿಡಿದು, ಬಸ್ಸಿನ ಸುತ್ತ ಮೊಳಕ್ಕೊಂದು ಕಡೆ ಕುಟ್ಟಿ ಕಿವಿಗೊಡುತ್ತಿದ್ದರು. ಬೇರೆಯವರ ಮನೆಗೆ ಹೋದರೆ ಹೊಸಿಲು ದಾಟಿ ಹಿಮ್ಮಡಿಯಿಂದ ನೆಲವನ್ನು ಒಮ್ಮೆ ಒತ್ತಿ ನೋಡಿಯೇ ಕೂರುವರು. ಮಗಳಿಗೆ ಗಂಡು ನೋಡಲು ಹೋದಾಗಲೂ ಹಾಗೇ ಮಾಡಿದ್ದಕ್ಕೆ ಗಂಡಿನ ತಂದೆ, "ನೆಲ ಗಟ್ಟಿ ಇದೆಯಾ ಬೀಗ್ರೇ?" ಎಂದು ಕೇಳಿದ್ದರು. "ಇದೆ," ಎಂದರು ಇವರು, ನಿಜವಾಗಿಯೂ ಸಮಾಧಾನವಾದವರಂತೆ.

ನಿದ್ದೆಯಲ್ಲಿ ಒಮ್ಮೊಮ್ಮೆ ಮಂಚದ ಕಟ್ಟಿಗೆ ಟಕ್ ಎಂದು ಬಡಿಯುವರು. ನಾನು ಎಚ್ಚರವಾಗಿ ಗೋಡೆಗೆ ಕಾಲಿನಿಂದ ಧಪ್ ಎನ್ನಿಸಿದರೆ ಮಗ್ಗಲು ಬದಲಿಸಿ ಮಲಗುವರು. ಕೊನೆಗೆ ಆಸ್ಪತ್ರೆಯಲ್ಲಿ ಮಾತು ನಿಂತ ಮೇಲೂ ಉಂಗುರದ ಬೆರಳಿಂದ ಮಂಚದ ಕಂಬಿಗೆ ಬಡಿಯುತ್ತಿದ್ದರು. ನೀರು ಬೇಕೇನೋ ಎಂದು ನರ್ಸಮ್ಮ ಲೋಟ ಹಿಡಿಯುತ್ತಿದ್ದಳು. ನಾನು ನೆಲಕ್ಕೆ ಕಾಲು ಬಡಿಯುತ್ತಿದ್ದೆ. ಒಂದು ಸಂಜೆ ನಾನು ಬಡಿದೆ, ಅವರು ಮತ್ತೆ ಬಡಿಯಲಿಲ್ಲ.

ಈಗ ನಾನೂ ವಾರಗಿತ್ತಿಯೂ ಒಂದೇ ಕೋಣೆಯಲ್ಲಿದ್ದೇವೆ. ಅವಳಿಗೆ ಕಣ್ಣು ಮಂಜಾಗಿದೆ, ಕಿವಿ ಚುರುಕು. ಪಕ್ಕದ ಶೆಡ್ಡಿನಲ್ಲಿ ಯಾರಾದರೂ ಕಬ್ಬಿಣಕ್ಕೆ ಟಕ್ ಎನ್ನಿಸಿದರೆ, ತರಕಾರಿ ಹೆಚ್ಚುತ್ತಾ ಕೂತ ನನ್ನ ಕಾಲು ಎದ್ದು ಬಡಿದುಬಿಡುತ್ತದೆ. ಮೊನ್ನೆಯೂ ಹಾಗೇ ಆಯಿತು.

"ಬಡಿದದ್ದು ನೀನೇನೇ?" ಎಂದಳು ಅವಳು.

"ನಾನೇ ಅಕ್ಕಾ."

"ಒಂದಾ, ಎರಡಾ?"

"ಒಂದೇ."

"ಸರಿ ಹಾಗಾದ್ರೆ," ಎಂದು ಅವಳು ಕಣ್ಣು ಮುಚ್ಚಿದಳು.